ಗಡ್ಡೆ ಮಾಯವಾದರೂ ಬಯಾಪ್ಸಿ ಬೇಡ ಅನ್ನಬೇಡಿ

ಹೋದ ವರ್ಷ ಒಬ್ಬ ತಾಯಿ ಮಗನ ಮೆದುಳಿನ ಎರಡು ಎಂಆರ್‌ಐ ಫಿಲ್ಮ್ ತಂದಿದ್ದರು. ಕಿಟಕಿಯ ಬೆಳಕಿಗೆ ಹಿಡಿದು ತಾವೇ ತೋರಿಸಿದರು. "ನೋಡಿ ಡಾಕ್ಟ್ರೇ, ಇದರಲ್ಲಿ ಅಡಿಕೆಯಷ್ಟು ಗಡ್ಡೆ. ಹನ್ನೆರಡು ದಿನ ಆದ್ಮೇಲೆ ಇದರಲ್ಲಿ ಏನೂ ಇಲ್ಲ. ಇನ್ನು ತಲೆಗೆ ತೂತು ಯಾಕೆ?" ಅವರು ಕೇಳಿದ್ದು ಬಯಾಪ್ಸಿಯ ಬಗ್ಗೆ, ಅಂದರೆ ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು. ಮಗನಿಗೆ ಕಿಡ್ನಿ ಕಸಿ ಆಗಿ ಆರು ವರ್ಷ. ಕಿಡ್ನಿ ಕೊಟ್ಟವರೂ ಅವರೇ. ಅವರ ಮುಖದ ನೆಮ್ಮದಿ ನೋಡಿ ನನಗೆ ತಕ್ಷಣ ಮಾತೇ ಹೊರಡಲಿಲ್ಲ.

ಮೊದಲು ತೋರಿಸಿದ ಕಡೆ ಡೆಕ್ಸಾಮೆಥಾಸೋನ್ ಕೊಟ್ಟಿದ್ದರು. ಅದು ಸ್ಟೀರಾಯ್ಡ್. ಮೆದುಳಿನಲ್ಲಿ ಯಾವ ಗಡ್ಡೆ ಇದ್ದರೂ ಸುತ್ತಲಿನ ಊತ ಇಳಿಸುತ್ತದೆ, ತಲೆನೋವು ತಗ್ಗುತ್ತದೆ. ಆದರೆ ಲಿಂಫೋಮಾದಲ್ಲಿ ಅಷ್ಟಕ್ಕೇ ನಿಲ್ಲುವುದಿಲ್ಲ. ಇದು ಬಿಳಿರಕ್ತಕಣಗಳ ಕ್ಯಾನ್ಸರ್. ಸ್ಟೀರಾಯ್ಡ್ ಆ ಕಣಗಳನ್ನೇ ಸಾಯಿಸುತ್ತದೆ, ಆದರೆ ಎಲ್ಲವನ್ನೂ ಅಲ್ಲ. ಉಳಿದವು ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಮತ್ತೆ ಬೆಳೆಯುತ್ತವೆ. ಈ ನಡುವೆ ಸೂಜಿ ಹಾಕಿ ಚೂರು ತೆಗೆದರೆ ಪೆಥಾಲಜಿಯವರಿಗೆ ಸತ್ತ ಕಣಗಳಷ್ಟೇ ಸಿಗಬಹುದು. ಕಾಯಿಲೆಗೆ ಹೆಸರು ಹೇಳಲು ಆಗುವುದಿಲ್ಲ. ಹೆಸರಿಲ್ಲದೆ ಕೀಮೋ ಶುರು ಮಾಡಲು ನಾನಂತೂ ಒಪ್ಪುವುದಿಲ್ಲ. ಗಡ್ಡೆ ಕಾಣದಿದ್ದರೆ ಕಾಯಿಲೆ ಹೋಯಿತು ಅಂತಲ್ಲ. ದಯವಿಟ್ಟು ಇದೊಂದನ್ನು ನೆನಪಿಡಿ.

ಮೆದುಳಿನ ಲಿಂಫೋಮಾ ಅಪರೂಪದ ಕಾಯಿಲೆ. ಕಸಿ ಆದವರಲ್ಲಿ, ಸಿಡಿ4 (ಸೋಂಕು ತಡೆಯುವ ಒಂದು ಬಗೆಯ ಬಿಳಿರಕ್ತಕಣ) ಎಣಿಕೆ 50ಕ್ಕಿಂತ ಕೆಳಗಿಳಿದ ಎಚ್‌ಐವಿ ಇರುವವರಲ್ಲಿ ಇದರ ಭಯ ಜಾಸ್ತಿ. ನಮ್ಮಲ್ಲಿ ಬಹುಪಾಲು ಜನರ ಮೈಯಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ ಸುಮ್ನೆ ಮಲಗಿರುತ್ತದೆ. ಕಾಯುವ ಶಕ್ತಿ ಕುಗ್ಗಿದಾಗ ಅದೇ ಈ ಕಣಗಳನ್ನು ಕೆರಳಿಸುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಟಿಬಿ ಗಡ್ಡೆ, ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯ ಸೋಂಕು, ಲಿಂಫೋಮಾ, ಮೂರೂ ಸ್ಕ್ಯಾನಿನಲ್ಲಿ ಉಂಗುರದ ಹಾಗೆ ಕಾಣಬಹುದು. ಟಿಬಿ ಮಾತ್ರೆಯ ಜೊತೆ ಸ್ಟೀರಾಯ್ಡ್ ಕೊಡುತ್ತಾರೆ, ಹುಷಾರಾದಂತೆ ಕಾಣುತ್ತದೆ, ಟಿಬಿ ಅಂತಲೇ ಎಲ್ಲರೂ ನಂಬುತ್ತಾರೆ. ಕೆಲಸ ಮಾಡಿದ್ದು ಯಾವ ಔಷಧ? ಹೇಳೋಕೆ ಆಗಲ್ಲ, ಅಲ್ವಾ? ಎಚ್‌ಐವಿ ಇರುವವರಿಗೆ ಎರಡು ವಾರ ಟಾಕ್ಸೊ ಔಷಧ ಕೊಟ್ಟು ನೋಡುವ ಪದ್ಧತಿ ಇದೆ. ಅದೂ ಸಾಧ್ಯವಾದಷ್ಟು ಸ್ಟೀರಾಯ್ಡ್ ಇಲ್ಲದೆ ನಡೆದರೆ ಮಾತ್ರ ಉತ್ತರ ಸ್ಪಷ್ಟ.

ಹಾಗಂತ ಸ್ಟೀರಾಯ್ಡ್ ಯಾವಾಗಲೂ ತಪ್ಪಲ್ಲ. ಮೆದುಳಿನ ಒತ್ತಡ ಏರಿ ರೋಗಿ ಮಂಪರಿಗೆ ಜಾರುತ್ತಿದ್ದರೆ ಮೊದಲು ಜೀವ ಉಳಿಸಬೇಕು. ನಾನೂ ಕೊಟ್ಟಿದ್ದೇನೆ. ಕಸಿ ಆದವರು ದಿನಾ ನುಂಗುವ, ಕಾಯುವ ಶಕ್ತಿ ತಗ್ಗಿಸುವ ಮಾತ್ರೆಗಳನ್ನು ಇದನ್ನು ಓದಿ ನಿಲ್ಲಿಸಲೇಬೇಡಿ. ಯಾವುದನ್ನು ಎಷ್ಟು ಇಳಿಸಬೇಕು ಅಂತ ನಿಮ್ಮ ಕಿಡ್ನಿ ಡಾಕ್ಟರೇ ಹೇಳಬೇಕು. ಎಚ್‌ಐವಿ ಇರುವುದು ಮನೆಯವರಿಗೆ ಗೊತ್ತಿಲ್ಲ ಅಂತ ನನ್ನ ಹತ್ತಿರವೂ ಮುಚ್ಚಿಡುವವರಿದ್ದಾರೆ. ಅವರ ಸಂಕಟ ಅರ್ಥವಾಗುತ್ತದೆ. ಬಾಗಿಲು ಹಾಕಿ, ಒಬ್ಬರೇ ಕೂತು ಹೇಳಿ. ಎಚ್‌ಐವಿ ಹತೋಟಿಗೆ ತರುವ ಎಆರ್‌ಟಿ ಮಾತ್ರೆ ಇಲ್ಲದೆ ಲಿಂಫೋಮಾ ಚಿಕಿತ್ಸೆ ಮುಂದಕ್ಕೆ ಹೋಗುವುದಿಲ್ಲ.

ಬಯಾಪ್ಸಿ ಅಂದರೆ ತಲೆ ಬಿಚ್ಚುವುದಲ್ಲ. ಸಣ್ಣದೊಂದು ರಂಧ್ರ, ಅದರೊಳಗೆ ತೆಳ್ಳಗಿನ ಸೂಜಿ. ಹೊರಬರುವುದು ಶ್ಯಾವಿಗೆ ಎಳೆಯ ತುಂಡಿನಷ್ಟು. ರಕ್ತಸ್ರಾವದ ಅಪಾಯ ಇದ್ದೇ ಇದೆ, ಅದನ್ನು ಸಹಿಗೆ ಮೊದಲೇ ಹೇಳುತ್ತೇನೆ.

ಆ ಹುಡುಗನ ಡೆಕ್ಸಾಮೆಥಾಸೋನನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿದೆವು. ಐದನೇ ವಾರ ಎಡಗೈಯಲ್ಲಿ ಕಾಫಿ ಲೋಟ ನಿಲ್ಲಲಿಲ್ಲ. ಗಡ್ಡೆ ಅದೇ ಜಾಗದಲ್ಲಿ ಮರಳಿತ್ತು. ಈ ಸಲ ತಾಯಿಯೇ ಬಯಾಪ್ಸಿಗೆ ಸಹಿ ಹಾಕಿದರು. ಲಿಂಫೋಮಾ ಅಂತ ವರದಿ ಬಂತು. ಈಗ ಮೆಥೊಟ್ರೆಕ್ಸೇಟ್ ಎಂಬ ಕೀಮೋ ನಡೆಯುತ್ತಿದೆ. ಆ ಔಷಧ ಕಿಡ್ನಿಗೆ ಭಾರ, ಅದಕ್ಕೇ ಅಳೆದು ಅಳೆದು ಕೊಡುತ್ತಿದ್ದೇವೆ. ಪ್ರತಿ ಸಲ ವಾರ್ಡಿಗೆ ಹೋದಾಗ ಆ ತಾಯಿ ಮೊದಲು ಕೇಳುವುದು ಕಿಡ್ನಿಯ ಸ್ಥಿತಿ ಹೇಳುವ ರಕ್ತಪರೀಕ್ಷೆಯ ಬಗ್ಗೆ, "ಇವತ್ತು ಕ್ರಿಯಾಟಿನಿನ್ ಎಷ್ಟಿದೆ?"