ಮಾಂಸ ಮುಟ್ಟಿದವರೇ ಅಲ್ಲ, ಆದರೂ ಶುಗರ್ ಯಾಕೆ ಬಂತು?

ಓದುಗರ ಪ್ರಶ್ನೆ: ನನಗೆ 52 ವರ್ಷ, ತುಮಕೂರಿನಲ್ಲಿದ್ದೇನೆ. ನಮ್ಮದು ತಲೆತಲಾಂತರದಿಂದ ಸಸ್ಯಾಹಾರದ ಮನೆ, ಮೊಟ್ಟೆಯೂ ಇಲ್ಲ. ಹೋದ ತಿಂಗಳು ಮೂರು ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ ಪರೀಕ್ಷೆ) 7.4% ಬಂತು. ಸಸ್ಯಾಹಾರದಿಂದ ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಶುಗರ್ ದೂರ ಇರುತ್ತದೆ ಅಂತ ಓದಿದ್ದೆ. ಹಾಗಾದರೆ ನನಗೆ ಯಾಕೆ ಬಂತು? ಈಗ ಮೊಟ್ಟೆ, ಮೀನು ಶುರು ಮಾಡಬೇಕಾ?

ಉತ್ತರ: ಪತ್ರದ ಜೊತೆ ನೀವು ಒಂದು ದಿನದ ಊಟವನ್ನೂ ಬರೆದು ಕಳಿಸಿದ್ದೀರಿ. ಅದು ಬಹಳ ಉಪಕಾರವಾಯಿತು. ಬೆಳಿಗ್ಗೆ ಇಡ್ಲಿ ಇಲ್ಲವೇ ಚಿತ್ರಾನ್ನ. ಮಧ್ಯಾಹ್ನ ಅನ್ನ, ತಿಳಿಸಾರು, ಎರಡು ಚಮಚ ಪಲ್ಯ, ಮಜ್ಜಿಗೆ. ಸಂಜೆ ಕಾಫಿ, ಬಿಸ್ಕತ್ತು. ರಾತ್ರಿ ಮತ್ತೆ ಅನ್ನ, ಸಾರು, ಹಪ್ಪಳ.

ಇದರಲ್ಲಿ ಮಾಂಸ ಇಲ್ಲ, ನಿಜ. ಆದರೆ ಕಾಳು ಎಲ್ಲಿದೆ? ಸೊಪ್ಪು ಎಲ್ಲಿದೆ? ಹಣ್ಣು ಎಲ್ಲಿದೆ? ನಿಮ್ಮ ಊಟದ ಮುಕ್ಕಾಲು ಪಾಲು ಪಾಲಿಶ್ ಮಾಡಿದ ಅಕ್ಕಿಯೇ. ನಿಮಗೆ ಹೊಟ್ಟೆ ತುಂಬುತ್ತದೆ, ಆದರೆ ಕರುಳಿನ ಬ್ಯಾಕ್ಟೀರಿಯಾಗಳಿಗೆ ತುಂಬುವುದಿಲ್ಲ.

ನಮ್ಮ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂಬುದು ಈಗಿನ ಅಂದಾಜು. ಎಲ್ಲ ಸೇರಿ ತೂಗುವುದು 200 ಗ್ರಾಂ ಮಾತ್ರ. ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಅನ್ನದ ಪಿಷ್ಟ ಅಲ್ಲಿಗೆ ತಲುಪುವುದು ಬಹಳ ಕಡಿಮೆ. ಸಣ್ಣ ಕರುಳಿನಲ್ಲೇ ಅದು ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ನಾರಿನಂಶವನ್ನು ಮಾತ್ರ ನಮ್ಮ ದೇಹ ಜೀರ್ಣಿಸಲಾರದು. ಅದು ಹಾಗೇ ಕೆಳಗೆ ಇಳಿದು ದೊಡ್ಡ ಕರುಳು ಸೇರುತ್ತದೆ. ಬ್ಯಾಕ್ಟೀರಿಯಾಗಳ ಊಟ ಅದೇ.

ಆ ನಾರನ್ನು ಅವು ಹುಳಿ ಬರಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಶುಗರ್‌ಗೂ ಕರುಳಿಗೂ ಇರುವ ನಂಟು ಇಲ್ಲಿದೆ. ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಮುಖ್ಯ ಇಂಧನ ಬ್ಯುಟಿರೇಟ್. ಅದು ಸಾಕಷ್ಟು ಸಿಕ್ಕರೆ ಗೋಡೆ ಗಟ್ಟಿಯಾಗಿರುತ್ತದೆ. ಇದೇ ಆಮ್ಲಗಳು ಕರುಳಿನ ಕೆಲವು ಜೀವಕೋಶಗಳಿಂದ ಜಿಎಲ್‌ಪಿ-1 ಎಂಬ ಹಾರ್ಮೋನ್ ಹೊರಡಿಸುತ್ತವೆ. ಈಗ ತೂಕ ಇಳಿಸಲು, ಶುಗರ್ ತಗ್ಗಿಸಲು ಕೊಡುವ ಹೊಸ ಇಂಜೆಕ್ಷನ್‌ಗಳ ಹೆಸರು ಕೇಳಿರುತ್ತೀರಿ ಅಲ್ವಾ? ಅವು ಅನುಕರಿಸುವುದು ಈ ಹಾರ್ಮೋನನ್ನೇ. ಇಂಜೆಕ್ಷನ್‌ನಷ್ಟು ಜೋರು ಊಟದಿಂದ ಬರುವುದಿಲ್ಲ. ಆದರೂ ಹಸಿವು ಹಿಡಿತದಲ್ಲಿರಲು, ಇನ್ಸುಲಿನ್ ಹೊತ್ತಿಗೆ ಸರಿಯಾಗಿ ಬರಲು ಅದು ನೆರವಾಗುತ್ತದೆ.

ನಾರು ಸಿಗದಿದ್ದರೆ? ಕೆಲವು ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಯ ಮೇಲಿನ ಲೋಳೆಯನ್ನೇ ತಿನ್ನಲು ಶುರು ಮಾಡುತ್ತವೆ. ಇಲಿಗಳಲ್ಲಿ ಇದನ್ನು ಸ್ಪಷ್ಟವಾಗಿ ನೋಡಿದ್ದಾರೆ. ಲೋಳೆ ತೆಳುವಾದರೆ ಬ್ಯಾಕ್ಟೀರಿಯಾಗಳ ಚೂರುಗಳು ರಕ್ತಕ್ಕೆ ನುಸುಳಬಹುದು. ಆಗ ಒಳಗೊಳಗೇ ಸಣ್ಣ ಉರಿಯೂತ ಹುಟ್ಟಿ, ಇನ್ಸುಲಿನ್ ಇದ್ದರೂ ಅದರ ಮಾತು ದೇಹ ಕೇಳದಂತಾಗುತ್ತದೆ.

ನಮಗೆ ದಿನಕ್ಕೆ ಸುಮಾರು 30 ಗ್ರಾಂ ನಾರು ಬೇಕು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಪಟ್ಟಿಯ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂಗಿಂತ ಕಡಿಮೆ. ರಾಗಿಯಲ್ಲಿ 11, ಇಡೀ ಹೆಸರುಕಾಳಿನಲ್ಲಿ 17, ಇಡೀ ಕಡಲೆಕಾಳಿನಲ್ಲಿ 25 ಗ್ರಾಂ. ನಿಮ್ಮ ದಿನದ ಊಟವನ್ನು ಕೂಡಿಸಿ ನೋಡಿದೆ. 15 ಗ್ರಾಂ ಮುಟ್ಟುವುದೇ ಕಷ್ಟ.

ಈ ಲೆಕ್ಕ ಹಾಕುವಾಗ ನನಗೆ 2015ರ ಒಂದು ಅಧ್ಯಯನ ನೆನಪಾಯಿತು. ಅಮೆರಿಕದ ಪಿಟ್ಸ್‌ಬರ್ಗ್‌ನ 20 ಆಫ್ರಿಕನ್ ಅಮೆರಿಕನ್ನರು, ದಕ್ಷಿಣ ಆಫ್ರಿಕಾದ ಹಳ್ಳಿಗಾಡಿನ 20 ಮಂದಿ ಎರಡು ವಾರ ಒಬ್ಬರ ಊಟವನ್ನು ಇನ್ನೊಬ್ಬರು ಉಂಡರು. ಅಮೆರಿಕದವರ ನಾರು ದಿನಕ್ಕೆ 14 ಗ್ರಾಂನಿಂದ 55ಕ್ಕೆ ಏರಿತು. ಆಫ್ರಿಕಾದವರದು 66ರಿಂದ 12ಕ್ಕೆ ಇಳಿಯಿತು. ಅಮೆರಿಕದವರ ಕರುಳಿನಲ್ಲಿ ಬ್ಯುಟಿರೇಟ್ ಎರಡೂವರೆ ಪಟ್ಟಾಯಿತು, ಆಫ್ರಿಕಾದವರಲ್ಲಿ ಅರ್ಧಕ್ಕೆ ಬಿತ್ತು. ಕರುಳಿನ ಕ್ಯಾನ್ಸರಿನ ಅಪಾಯ ತಿಳಿಯಲು ಮಾಡಿದ ಅಧ್ಯಯನ ಅದು. ನನಗೆ ಅದರಲ್ಲಿ ಮುಖ್ಯ ಅನ್ನಿಸಿದ್ದು ಆ ಎರಡು ವಾರ. 52 ವರ್ಷ ಹೀಗೇ ಉಂಡೆ, ಇನ್ನೇನು ಬದಲಾದೀತು ಅಂತ ನೀವು ಕೈಚೆಲ್ಲಬೇಕಿಲ್ಲ.

ನಿಮ್ಮ ಪ್ರಶ್ನೆಗೆ ಇನ್ನೂ ನೇರ ಉತ್ತರ ಕೊಡುವುದು 2016ರ ಇನ್ನೊಂದು ಅಧ್ಯಯನ. ಅಮೆರಿಕದ ಎರಡು ಲಕ್ಷ ಆರೋಗ್ಯ ಸಿಬ್ಬಂದಿಯ ಊಟವನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಗಮನಿಸಿದರು. ಇಡೀ ಧಾನ್ಯ, ಕಾಳು, ತರಕಾರಿ, ಹಣ್ಣು ಅತಿ ಹೆಚ್ಚು ಉಂಡವರಲ್ಲಿ ಶುಗರ್ ಬರುವ ಅಪಾಯ ಅತಿ ಕಡಿಮೆ ಉಂಡವರಿಗಿಂತ 34% ಕಡಿಮೆ ಇತ್ತು. ದೇಹದ ತೂಕದ ಪಾತ್ರವನ್ನು ಕಳೆದ ಮೇಲೂ ಉಳಿದ ಅಂತರ ಇದು. ಅದೇ ಸಸ್ಯಾಹಾರದಲ್ಲಿ ಪಾಲಿಶ್ ಧಾನ್ಯ, ಆಲೂಗಡ್ಡೆ, ಸಿಹಿತಿಂಡಿ, ಸಕ್ಕರೆ ಪಾನೀಯಗಳೇ ಜಾಸ್ತಿ ಇದ್ದವರಲ್ಲಿ ಅಪಾಯ 16% ಹೆಚ್ಚು. ಎರಡೂ ಗಿಡದಿಂದ ಬಂದ ಊಟವೇ!

ಇದು ನಿಮ್ಮೊಬ್ಬರ ಕಥೆಯಲ್ಲ. 2025ರಲ್ಲಿ ಹೊರಬಂದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಎಂಬ ಶುಗರ್ ಸಮೀಕ್ಷೆಯಂತೆ ಭಾರತೀಯರ ಕ್ಯಾಲೊರಿಯಲ್ಲಿ 62% ಪಿಷ್ಟ ಮತ್ತು ಸಕ್ಕರೆಯಿಂದ ಬರುತ್ತದೆ. ಊಟದ ಜೊತೆ ವಂಶ, ಹೊಟ್ಟೆಯ ಕೊಬ್ಬು, ನಡೆದಾಟ, ನಿದ್ದೆ ಕೂಡ ಸೇರುತ್ತವೆ. ಕರುಳೊಂದನ್ನೇ ದೂರುವುದು ಬೇಡ.

ಹಾಗಾದರೆ ಏನು ಮಾಡಬೇಕು? ಮೊದಲು ಕಾಳು. ಹುರುಳಿ, ಹೆಸರು, ಅಲಸಂದೆ, ಅವರೆ, ಕಡಲೆ, ಯಾವುದಾದರೂ ಸರಿ, ದಿನಕ್ಕೊಮ್ಮೆ ತಟ್ಟೆಯಲ್ಲಿರಲಿ. ತಿಳಿಸಾರಿನ ಬದಲು ಬಸ್ಸಾರು ಮಾಡಿ. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟಿನಿಂದ ಸಾರು, ಉಳಿದದ್ದರಿಂದ ಪಲ್ಯ. ಆ ಪಲ್ಯವನ್ನು ಎರಡು ಚಮಚ ಬಡಿಸದೆ ಅನ್ನದಷ್ಟೇ ಬಡಿಸಿಕೊಳ್ಳಿ. ನಿಮ್ಮೂರಿನ ಈ ಅಡುಗೆ ಹಬ್ಬದ ದಿನಕ್ಕೋ ಹಳ್ಳಿಗೆ ಹೋದಾಗಲೋ ಮಾತ್ರ ಸಿಗುವಂತಾಗಿರುವುದು ನನಗೆ ನಿಜವಾಗಿ ಬೇಸರದ ವಿಷಯ. ರಾತ್ರಿ ಅನ್ನದ ಬದಲು ಮುದ್ದೆ ಉಣ್ಣಬಹುದು. ಆದರೆ ರಾಗಿ ಶುಗರ್‌ಗೆ ಔಷಧಿ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಅದರಲ್ಲೂ ಪಿಷ್ಟ ಬೇಕಾದಷ್ಟಿದೆ. ಸಣ್ಣ ಮುದ್ದೆ, ಜಾಸ್ತಿ ಸಾರು-ಕಾಳು ಇರಲಿ.

ಇಡ್ಲಿ ಹುದುಗಿದ ಹಿಟ್ಟಿನದು ತಾನೇ ಎಂದು ನೀವು ಕೇಳಬಹುದು. ಹಿಟ್ಟಿನಲ್ಲಿರುವ ಬ್ಯಾಕ್ಟೀರಿಯಾಗಳು ಆವಿಯಲ್ಲಿ ಸಾಯುತ್ತವೆ. ಮಜ್ಜಿಗೆ, ಮೊಸರಿನಲ್ಲಿ ಜೀವಂತ ಇರುತ್ತವೆ. ಸ್ಟ್ಯಾನ್‌ಫೋರ್ಡ್‌ನಲ್ಲಿ 36 ಜನರ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹುದುಗಿಸಿದ ತಿನಿಸು ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು, ಉರಿಯೂತದ ಗುರುತುಗಳು ತಗ್ಗಿದವು. ನಿಮ್ಮ ಮಧ್ಯಾಹ್ನದ ಮಜ್ಜಿಗೆಯನ್ನು ಬಿಡಬೇಡಿ.

ಒಂದು ಎಚ್ಚರಿಕೆ. ಒಂದೇ ದಿನಕ್ಕೆ ಕಾಳು ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರ, ಗ್ಯಾಸ್ ಖಂಡಿತ. ಮೊದಲ ವಾರ ಒಂದು ಹಿಡಿ ಮೊಳಕೆಕಾಳು ಸಾಕು, ಆಮೇಲೆ ನಿಧಾನಕ್ಕೆ ಏರಿಸಿ. ನೀರು ಚೆನ್ನಾಗಿ ಕುಡಿಯಿರಿ. ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅನ್ನ ತಗ್ಗಿಸುವ ಮೊದಲು ಡಾಕ್ಟರಿಗೆ ಹೇಳಿ, ಯಾಕೆಂದರೆ ಕೆಲವು ಮಾತ್ರೆಗಳಿಂದ ಸಕ್ಕರೆ ತೀರಾ ಕೆಳಗಿಳಿಯಬಹುದು. ಕಿಡ್ನಿ ತೊಂದರೆ ಇದ್ದರೂ ಕೇಳಿಯೇ ಬದಲಾಯಿಸಿ.

ಇನ್ನು ಮೊಟ್ಟೆ, ಮೀನು. ಬೇಕಿಲ್ಲ. ಇಷ್ಟಪಟ್ಟು ತಿನ್ನುವವರು ತಿನ್ನಲಿ, ಶುಗರ್ ಇಳಿಸಲು ಅದೇ ಆಗಬೇಕೆಂದಿಲ್ಲ. ಅಮೆರಿಕ, ಬ್ರಿಟನ್, ಇಟಲಿಯ 21,000ಕ್ಕೂ ಹೆಚ್ಚು ಜನರ ಕರುಳಿನ ಬ್ಯಾಕ್ಟೀರಿಯಾ ನೋಡಿದ 2025ರ ಅಧ್ಯಯನದಲ್ಲಿ, ಮಾಂಸ ತಿನ್ನುವವರಾದರೂ ಬಗೆಬಗೆಯ ತರಕಾರಿ, ಹಣ್ಣು ಜಾಸ್ತಿ ತಿಂದವರಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳು ಹೆಚ್ಚಿದ್ದವು. ನಿಮಗೆ ಬೇಕಾದ ಪ್ರೋಟೀನ್ ಕಾಳು, ಬೇಳೆ, ಮೊಸರಿನಿಂದ ಸಿಗುತ್ತದೆ.

ಬಿ12 ಮಾತ್ರ ಗಿಡಗಳಿಂದ ಸಿಗುವುದಿಲ್ಲ. ಹಾಲು, ಮೊಸರಿನಲ್ಲಿ ಸ್ವಲ್ಪ ಇದೆ. ಶುಗರ್‌ಗೆ ಸಾಮಾನ್ಯವಾಗಿ ಮೊದಲು ಬರೆದುಕೊಡುವ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಇನ್ನೂ ಇಳಿಯಬಹುದು. ಆಗ ಕಾಲು ಜೋಮು ಹಿಡಿಯುವುದನ್ನು ಎಲ್ಲರೂ ಶುಗರ್‌ನ ಲೆಕ್ಕಕ್ಕೇ ಹಾಕಿಬಿಡುತ್ತಾರೆ. ಮುಂದಿನ ಸಲ ರಕ್ತ ಕೊಡುವಾಗ ಬಿ12 ಪರೀಕ್ಷೆಯನ್ನೂ ಬರೆಸಿಕೊಳ್ಳಿ.