ಬ್ರೇಸ್ ಇರುವ ಅಕ್ವೇರಿಯಂನಲ್ಲಿ ನೀರಿನ ಸುರಕ್ಷಿತ ಮಟ್ಟ: ಅಧ್ಯಯನ ಟಿಪ್ಪಣಿ

ಮನೆಯ ಗಾಜಿನ ಅಕ್ವೇರಿಯಂಗಳಲ್ಲಿ ಮೇಲಂಚಿನ ಒಳಬದಿಗೆ ಸಿಲಿಕೋನ್‌ನಿಂದ ಅಂಟಿಸಿರುವ ಗಾಜಿನ ಪಟ್ಟಿಗಳನ್ನು ಬ್ರೇಸ್ ಎನ್ನುತ್ತಾರೆ. ಅಂಚುಗಳ ಉದ್ದಕ್ಕೂ ಚೌಕಟ್ಟಿನಂತೆ ಮಲಗಿರುವ ಪಟ್ಟಿಗಳು ಯೂರೋ ಬ್ರೇಸ್. ಮುಂದಿನ ಗಾಜಿನಿಂದ ಹಿಂದಿನ ಗಾಜಿಗೆ ನಡುಭಾಗದಲ್ಲಿ ಅಡ್ಡಲಾಗಿ ಹಾಯುವ ಪಟ್ಟಿ ಕ್ರಾಸ್ ಬ್ರೇಸ್. ಇಂಥ ಟ್ಯಾಂಕ್‌ನಲ್ಲಿ ನೀರನ್ನು ಎಲ್ಲಿಯವರೆಗೆ ತುಂಬಬಹುದು ಎಂಬ ಪ್ರಶ್ನೆಗೆ ‘ಬ್ರೇಸ್‌ಗಿಂತ ಎರಡು ಬೆರಳು ಕೆಳಗೆ’ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಉತ್ತರ ತಪ್ಪೇನಲ್ಲ, ಆದರೆ ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ, ಅಂದರೆ ನೀರು ಇನ್ನೂ ಮೇಲೇರಿದರೆ ಬ್ರೇಸ್ ಕಿತ್ತುಬರುತ್ತದೆ ಅಥವಾ ಟ್ಯಾಂಕ್ ಒಡೆಯುತ್ತದೆ ಎಂಬುದು ಮಾತ್ರ ತಪ್ಪು. ಆದ್ದರಿಂದ ಮೊದಲು ಲೆಕ್ಕವನ್ನು ನೋಡೋಣ.

ನೀರಿನ ಒತ್ತಡವು ಆಳವನ್ನು ಮಾತ್ರ ಅವಲಂಬಿಸಿದೆ. ಟ್ಯಾಂಕ್‌ನಲ್ಲಿ ಒಟ್ಟು ಎಷ್ಟು ನೀರಿದೆ ಎಂಬುದನ್ನಲ್ಲ. ಫ್ಲೆಮಿಶ್ ಗಣಿತಜ್ಞ ಸೈಮನ್ ಸ್ಟೆವಿನ್ 1586ರಲ್ಲೇ ಇದನ್ನು ತೋರಿಸಿಕೊಟ್ಟಿದ್ದರೂ, ಹಿಂದಕ್ಕೆ ಹೆಚ್ಚು ಅಗಲವಿರುವ ಟ್ಯಾಂಕ್‌ನ ಮುಂಗಾಜಿಗೆ ಹೆಚ್ಚು ಒತ್ತಡ ಬೀಳುತ್ತದೆ ಎಂಬ ನಂಬಿಕೆ ಹವ್ಯಾಸಿಗಳಲ್ಲಿ ಇನ್ನೂ ಉಳಿದಿದೆ. ಅಗಲ ಹೆಚ್ಚಾದರೆ ತೂಕ ಹೆಚ್ಚುತ್ತದೆ, ಆ ಹೊರೆಯನ್ನು ಸ್ಟ್ಯಾಂಡ್ ಮತ್ತು ನೆಲ ಹೊರಬೇಕು. ಮುಂಗಾಜಿಗೆ ಅದರಿಂದ ವ್ಯತ್ಯಾಸವಾಗುವುದಿಲ್ಲ. ಮೇಲ್ಮೈಯಲ್ಲಿ ಸೊನ್ನೆಯಿಂದ ಆರಂಭವಾಗುವ ಒತ್ತಡವು ಪ್ರತಿ ಸೆಂಟಿಮೀಟರ್ ಆಳಕ್ಕೆ ಸುಮಾರು 98 ಪ್ಯಾಸ್ಕಲ್‌ನಂತೆ ಏರುತ್ತಾ, 50 ಸೆಂ.ಮೀ. ಆಳದಲ್ಲಿ ಸುಮಾರು 4,900 ಪ್ಯಾಸ್ಕಲ್ ತಲುಪುತ್ತದೆ. ಸಮುದ್ರದ ನೀರಾದರೆ ಇದಕ್ಕೆ ಶೇ. 2.5ರಷ್ಟು ಸೇರಿಸಿಕೊಳ್ಳಬೇಕು.

ಉದಾಹರಣೆಗೆ ಒಳಗಿನ ಉದ್ದ 120 ಸೆಂ.ಮೀ., ಅಗಲ 50 ಸೆಂ.ಮೀ., ತಳದಿಂದ ಬ್ರೇಸ್‌ನ ಕೆಳಮೈವರೆಗಿನ ಎತ್ತರ 50 ಸೆಂ.ಮೀ. ಇರುವ ಟ್ಯಾಂಕನ್ನು ತೆಗೆದುಕೊಳ್ಳೋಣ. ಸರಾಸರಿ ಒತ್ತಡವು ತಳದ ಒತ್ತಡದ ಅರ್ಧ. ಅದನ್ನು ನೀರು ತಾಗಿರುವ ಗಾಜಿನ ವಿಸ್ತೀರ್ಣದಿಂದ ಗುಣಿಸಿದರೆ ಮುಂಗಾಜಿನ ಮೇಲೆ ಬೀಳುವ ಒಟ್ಟು ಬಲ ಸುಮಾರು 1,470 ನ್ಯೂಟನ್, ಅಂದರೆ 150 ಕಿಲೋಗ್ರಾಂ ತೂಕಕ್ಕೆ ಸಮ. ನೀರಿನ ಮಟ್ಟ ಇಳಿದಾಗ ಒತ್ತಡವೂ ನೀರು ತಾಗಿರುವ ವಿಸ್ತೀರ್ಣವೂ ಒಟ್ಟಿಗೆ ಇಳಿಯುವುದರಿಂದ ಈ ಬಲವು ಎತ್ತರದ ವರ್ಗಕ್ಕೆ ಅನುಗುಣವಾಗಿ ತಗ್ಗುತ್ತದೆ: 47 ಸೆಂ.ಮೀ.ಗೆ ಸುಮಾರು 1,300 ನ್ಯೂಟನ್, 25 ಸೆಂ.ಮೀ.ಗೆ ಸುಮಾರು 370 ನ್ಯೂಟನ್.

ಬ್ರೇಸ್‌ನ ಪಾಲಿಗೆ ಎಷ್ಟು ಹೊರೆ ಬರುತ್ತದೆ ಎಂಬುದು ಇನ್ನೂ ಮುಖ್ಯವಾದ ಪ್ರಶ್ನೆ. ಒತ್ತಡ ತಳದ ಕಡೆಗೆ ಹೆಚ್ಚಿರುವುದರಿಂದ, ಒಟ್ಟು ಬಲವು ನೀರಿನ ಎತ್ತರದ ಮೂರನೆಯ ಒಂದು ಭಾಗದಲ್ಲಿ, ತಳಕ್ಕೆ ಹತ್ತಿರವಾಗಿ ವರ್ತಿಸುತ್ತದೆ. ಪಕ್ಕದ ಗಾಜುಗಳ ನೆರವನ್ನು ಬದಿಗಿಟ್ಟು, ಮುಂಗಾಜು ಕೆಳಗೆ ತಳದ ಜೋಡಣೆಯ ಮೇಲೂ ಮೇಲೆ ಬ್ರೇಸ್‌ನ ಮೇಲೂ ಆತುಕೊಂಡಿದೆ ಎಂದು ಭಾವಿಸಿದರೆ, ಟ್ಯಾಂಕ್ ಪೂರ್ತಿ ತುಂಬಿದಾಗ ಮೂರನೆಯ ಎರಡು ಭಾಗ ತಳಕ್ಕೆ, ಒಂದು ಭಾಗ ಬ್ರೇಸ್‌ಗೆ ಹಂಚಿಕೆಯಾಗುತ್ತದೆ. ಬ್ರೇಸ್‌ನ ಪಾಲು ಸುಮಾರು 490 ನ್ಯೂಟನ್. ಪಕ್ಕದ ಗಾಜುಗಳೂ ಒಂದಿಷ್ಟು ಹೊರುವುದರಿಂದ ನಿಜವಾದ ಮೊತ್ತ ಇದಕ್ಕಿಂತ ಕಡಿಮೆ ಇರುತ್ತದೆ. ಆದರೆ ಗಮನಿಸಬೇಕಾದದ್ದು ಬೇರೆ: ಮಟ್ಟ ಇಳಿದಾಗ ಬಲವೂ ತಗ್ಗುತ್ತದೆ, ಅದು ವರ್ತಿಸುವ ಬಿಂದುವೂ ಕೆಳಗೆ ಸರಿಯುತ್ತದೆ, ಹೀಗಾಗಿ ಬ್ರೇಸ್‌ನ ಹೊರೆ ಎತ್ತರದ ಘನಕ್ಕೆ ಅನುಗುಣವಾಗಿ ಇಳಿಯುತ್ತದೆ. 47 ಸೆಂ.ಮೀ.ಗೆ ಅದು ಸುಮಾರು 407 ನ್ಯೂಟನ್; 25 ಸೆಂ.ಮೀ.ಗೆ ಕೇವಲ 61 ನ್ಯೂಟನ್, ಎಂದರೆ ಎಂಟನೆಯ ಒಂದು ಭಾಗ.

ಈ ಅಂಕಿಗಳಿಂದ ಎರಡು ವಿಷಯಗಳು ಹೊರಡುತ್ತವೆ. ಮೇಲಿನ ಮೂರು ಸೆಂಟಿಮೀಟರ್ ನೀರು ಬಿಟ್ಟರೆ ಬ್ರೇಸ್‌ನ ಹೊರೆ ಶೇ. 17ರಷ್ಟು ತಗ್ಗುತ್ತದೆ, ಇದು ನಗಣ್ಯವಲ್ಲ, ಆದರೆ ಸರಿಯಾಗಿ ಕಟ್ಟಿದ ಟ್ಯಾಂಕ್ ಉಳಿಯುವುದಕ್ಕೂ ಒಡೆಯುವುದಕ್ಕೂ ನಡುವಿನ ಗೆರೆಯೂ ಅಲ್ಲ. ಪೂರ್ತಿ ಎತ್ತರದ ನೀರನ್ನು ಲೆಕ್ಕಕ್ಕೆ ತೆಗೆದುಕೊಂಡೇ ಗಾಜಿನ ದಪ್ಪವನ್ನು ನಿರ್ಧರಿಸಬೇಕು, ಅದರ ಮೇಲೆ ಸುರಕ್ಷತಾ ಗುಣಾಂಕವನ್ನೂ (ಗಾಜು ಒಡೆಯುವ ಹೊರೆಯು ಅದರ ಮೇಲೆ ಬೀಳುವ ಹೊರೆಯ ಎಷ್ಟು ಪಟ್ಟು ಇರಬೇಕು ಎಂಬ ಸಂಖ್ಯೆ) ಇಡಬೇಕು. ಹವ್ಯಾಸಿಗಳ ಲೆಕ್ಕಗಳಲ್ಲಿ 3.8 ಎಂಬ ಗುಣಾಂಕ ಬಳಕೆಯಲ್ಲಿದೆ. ಮೂರು ಸೆಂಟಿಮೀಟರ್ ಹೆಚ್ಚು ತುಂಬಿದ್ದಕ್ಕೆ ಬಿರಿಯುವ ಟ್ಯಾಂಕ್, ನನ್ನ ಅಭಿಪ್ರಾಯದಲ್ಲಿ, ಮೂರು ಸೆಂಟಿಮೀಟರ್ ಕಡಿಮೆ ತುಂಬಿದ್ದರೂ ನಂಬಲರ್ಹವಾದುದಲ್ಲ. ಇನ್ನೊಂದು ವಿಷಯ ಇದರ ಮಗ್ಗುಲು: ಬ್ರೇಸ್ ಬಿರುಕು ಬಿಟ್ಟಾಗ ಅಥವಾ ಅದರ ಸಿಲಿಕೋನ್ ಬಿಟ್ಟುಕೊಂಡಾಗ, ನೀರನ್ನು ತಕ್ಷಣ ಅರ್ಧಕ್ಕೆ ಇಳಿಸುವುದಕ್ಕಿಂತ ಪರಿಣಾಮಕಾರಿಯಾದ ಉಪಾಯ ಮತ್ತೊಂದಿಲ್ಲ. ಮೀನುಗಳನ್ನು ಹಿಡಿಯಲು ಪರದಾಡುವ ಅಗತ್ಯವಿಲ್ಲ. ಹೀಟರ್‌ನ ಪ್ಲಗ್ ತೆಗೆದು ನೀರು ಹೊರತೆಗೆಯುವುದು ಮೊದಲ ಕೆಲಸ, ದುರಸ್ತಿಯ ಯೋಚನೆ ಆಮೇಲೆ.

ನೀರು ಬ್ರೇಸ್‌ಗೆ ತಾಗಿದರೆ ಅದು ಕಿತ್ತುಬರುತ್ತದೆ ಎಂಬ ಭಯವನ್ನೂ ಇಲ್ಲಿ ಪರೀಕ್ಷಿಸಬಹುದು. ಏಳು ಸೆಂಟಿಮೀಟರ್ ಅಗಲದ, 120 ಸೆಂ.ಮೀ. ಉದ್ದದ ಪಟ್ಟಿಯ ಕೆಳಮೈಗಿಂತ ನೀರು ಒಂದು ಸೆಂಟಿಮೀಟರ್ ಮೇಲಕ್ಕೆ ಬಂದರೆ, ಪಟ್ಟಿಯನ್ನು ಮೇಲಕ್ಕೆ ತಳ್ಳುವ ಬಲ ಸುಮಾರು 8 ನ್ಯೂಟನ್ ಮಾತ್ರ. ಇದು ಒಂದು ಕಿಲೋಗ್ರಾಂ ತೂಕಕ್ಕಿಂತಲೂ ಕಡಿಮೆ. ನೀರು ಸೋಕುವುದರಿಂದ ಸಿಲಿಕೋನ್ ಕರಗುವುದೂ ಇಲ್ಲ, ಏಕೆಂದರೆ ತಳದ ಜೋಡಣೆ ಸದಾ ನೀರಿನಲ್ಲೇ ಇರುತ್ತದೆ. ಅಂತರ ಬಿಡಬೇಕಾದ ನಿಜವಾದ ಕಾರಣಗಳು ಅಷ್ಟು ನಾಟಕೀಯವಲ್ಲ. ನೀರು ಪಟ್ಟಿಗೆ ತಾಗಿದರೆ ಅದರಡಿ ಗಾಳಿ ಸಿಕ್ಕಿಕೊಂಡು, ಅನಿಲ ವಿನಿಮಯಕ್ಕೆ ತೆರೆದಿರುವ ಮೇಲ್ಮೈ ಕಿರಿದಾಗುತ್ತದೆ. ಪಾಚಿ ಮತ್ತು ಉಪ್ಪಿನ ಕಲೆಗಳು ಜೋಡಣೆಯನ್ನು ಮುಚ್ಚಿ ಅದನ್ನು ಪರೀಕ್ಷಿಸಲು ಬಿಡುವುದಿಲ್ಲ. ಅಲೆಯೋ ಒಳಗೆ ಇಳಿಸಿದ ಕೈಯೋ ನೀರನ್ನು ಹೊರಚೆಲ್ಲಿಸುತ್ತದೆ. ಮೇಲಂಚಿಗೆ ಪ್ಲಾಸ್ಟಿಕ್ ರಿಮ್ ಇರುವ ಟ್ಯಾಂಕ್‌ಗಳಲ್ಲಿ ರಿಮ್ ಮತ್ತು ಗಾಜಿನ ನಡುವಿನ ಸಂದು ನೀರು ತಡೆಯುವಂತೆ ಮುಚ್ಚಿರುತ್ತದೆ ಎಂದು ನಂಬುವಂತಿಲ್ಲವಾದ್ದರಿಂದ, ಅತಿಯಾಗಿ ತುಂಬಿದರೆ ಹೊರಗೋಡೆಯ ಮೇಲೆ ನೀರು ಜಿನುಗಿ, ಸೋರಿಕೆಯೆಂಬ ಗಾಬರಿ ಹುಟ್ಟಿಸುತ್ತದೆ. ಈ ಎಲ್ಲದಕ್ಕೂ ಬ್ರೇಸ್‌ನ ಕೆಳಮೈಯಿಂದ ಎರಡರಿಂದ ಮೂರು ಸೆಂಟಿಮೀಟರ್ ಅಂತರ ಸಾಕು.

ಬ್ರೇಸ್ ನೀರಿನ ಒತ್ತಡವನ್ನು ಕಡಿಮೆ ಮಾಡುವುದಿಲ್ಲ. ಗಾಜಿನ ಮೇಲಂಚು ಹೊರಕ್ಕೆ ಬಾಗುವುದನ್ನು ತಡೆಯುತ್ತದೆ. ಮಲಗಿಸಿದ ಪಟ್ಟಿಯು ಬಾಗುವ ದಿಕ್ಕಿನಲ್ಲೇ ತನ್ನ ಅಗಲವನ್ನು ಒಡ್ಡುವುದರಿಂದ, ಮತ್ತು ಅದರ ಬಿಗಿತ ಅಗಲದ ಘನದಂತೆ ಏರುವುದರಿಂದ, ಕಿರಿದಾದ ಗಾಜಿನ ತುಂಡೂ ಇಷ್ಟು ದೊಡ್ಡ ಕೆಲಸ ಮಾಡುತ್ತದೆ. ಆದ್ದರಿಂದಲೇ ಬ್ರೇಸ್ ಇರುವ ಟ್ಯಾಂಕ್‌ಗೆ ಬ್ರೇಸ್ ಇಲ್ಲದ್ದಕ್ಕಿಂತ ತೆಳುವಾದ ಗಾಜು ಹಾಕಿರುವುದುಂಟು, ಮತ್ತು ಬೆಳಕಿಗೆ ಅಡ್ಡವಾಗುತ್ತದೆಂದು ಅಂಥ ಟ್ಯಾಂಕ್‌ನ ಬ್ರೇಸ್ ಕತ್ತರಿಸಿ ತೆಗೆದವರು ಅದೇ ಮಟ್ಟಕ್ಕೆ ನೀರು ತುಂಬುವಂತಿಲ್ಲ. ‘ಇಷ್ಟು ವರ್ಷ ತಡೆದಿದೆಯಲ್ಲ’ ಎಂಬ ವಾದವೂ ಇಲ್ಲಿ ನಿಲ್ಲದು: ಸತತ ಹೊರೆ ಮತ್ತು ತೇವಾಂಶದ ನಡುವೆ ಗಾಜಿನ ಮೇಲ್ಮೈಯ ಸೂಕ್ಷ್ಮ ಬಿರುಕುಗಳು ನಿಧಾನವಾಗಿ ಬೆಳೆಯಬಲ್ಲವು, ಹೀಗಾಗಿ ಗಾಜು ದೀರ್ಘಕಾಲ ತಾಳಬಲ್ಲ ಹೊರೆಯು ಅದು ಕ್ಷಣಕಾಲ ತಾಳುವ ಹೊರೆಗಿಂತ ಕಡಿಮೆ.

ಬಾಗನ್ನು ಅಳೆಯುವುದು ಕಷ್ಟವಲ್ಲ. ಟ್ಯಾಂಕ್ ಖಾಲಿ ಇರುವಾಗ ಮೇಲಂಚಿನಲ್ಲಿ ಮುಂದಿನಿಂದ ಹಿಂದಿನವರೆಗಿನ ಹೊರ ಅಳತೆಯನ್ನು ಎರಡು ತುದಿಗಳಲ್ಲೂ ನಡುವಿನಲ್ಲೂ ತೆಗೆದು ಬರೆದಿಟ್ಟುಕೊಳ್ಳಬೇಕು. ನಂತರ ಅರ್ಧಕ್ಕೆ, ಮುಕ್ಕಾಲಿಗೆ, ಪೂರ್ತಿಗೆ ನಿಲ್ಲಿಸುತ್ತಾ ತುಂಬಿ, ಪ್ರತಿ ಹಂತದಲ್ಲೂ ಕೆಲವು ಗಂಟೆ ಬಿಟ್ಟು ಅದೇ ಜಾಗಗಳಲ್ಲಿ ಅಳೆಯಬೇಕು. ತುಂಬಿದ ಟ್ಯಾಂಕ್‌ನಲ್ಲಿ ನಡುವಿನ ಅಳತೆ ತುಸು ಹಿಗ್ಗುವುದು ಸಹಜ. ನೀರಿನ ಮಟ್ಟ ಬದಲಾಗದಿದ್ದರೂ ಆ ಅಳತೆ ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ ಬ್ರೇಸ್‌ನ ಜೋಡಣೆ ಸಡಿಲವಾಗುತ್ತಿದೆ ಎಂದೇ ತಿಳಿಯಬೇಕು.

ಮಟ್ಟಕ್ಕೆ ಕೆಳಗಿನ ಮಿತಿಯೂ ಇದೆ. ಹೀಟರ್‌ನ ಮೇಲಿರುವ ಕನಿಷ್ಠ ನೀರಿನ ಗೆರೆ ಸದಾ ಮುಳುಗಿರಬೇಕು, ಫಿಲ್ಟರ್ ಗಾಳಿ ಎಳೆಯಬಾರದು.

ಸಂಪ್, ಅಂದರೆ ಟ್ಯಾಂಕ್‌ನ ಕೆಳಗಿಟ್ಟು ಪೈಪ್ ಮತ್ತು ಪಂಪ್‌ನಿಂದ ಅದಕ್ಕೆ ಸೇರಿಸುವ ಇನ್ನೊಂದು ತೊಟ್ಟಿಯನ್ನು ಜೋಡಿಸಿದವರು ಇನ್ನೊಂದು ಲೆಕ್ಕ ಮಾಡಬೇಕು. ನಮ್ಮ ಉದಾಹರಣೆಯಲ್ಲಿ ಒಂದು ಸೆಂಟಿಮೀಟರ್ ಮಟ್ಟವೆಂದರೆ 6 ಲೀಟರ್ ನೀರು. ಕೆಳಗಿಳಿಯುವ ಪೈಪ್‌ನ ಬಾಯಿ ಕಸದಿಂದ ಮುಚ್ಚಿಹೋದರೆ, ಪಂಪ್ ತನ್ನ ಕೋಣೆಯಲ್ಲಿರುವ ನೀರನ್ನೆಲ್ಲ ಮೇಲಕ್ಕೆ ತಳ್ಳಿದ ಮೇಲೆಯೇ ನಿಲ್ಲುವುದು. ಆ ಕೋಣೆಯಲ್ಲಿ 18 ಲೀಟರ್ ಇದ್ದರೆ ಮೇಲಿನ ಮಟ್ಟ ಮೂರು ಸೆಂಟಿಮೀಟರ್ ಏರುತ್ತದೆ, ಅಂದರೆ ನಾವು ಬಿಟ್ಟ ಅಂತರ ಸರಿಯಾಗಿ ಮುಗಿಯುತ್ತದೆ. ಪಂಪ್‌ನ ಕೋಣೆ ಅದಕ್ಕಿಂತ ದೊಡ್ಡದಿದ್ದರೆ ಅದರೊಳಗಿನ ನೀರನ್ನು ಕಡಿಮೆ ಇಡಬೇಕು, ಇಲ್ಲವೇ ಟ್ಯಾಂಕ್‌ನ ಮಟ್ಟವನ್ನು ಇನ್ನಷ್ಟು ಇಳಿಸಬೇಕು.