ಕೋಡಿ ಇಲ್ಲದ ಕೆರೆ

ಬೆಂಗಳೂರಿನ ಕೆರೆಗಳಿಗೆ ಬಾರದ ಕಾಯಿಲೆಯಿಲ್ಲ. ನೊರೆ ಎದ್ದಿದೆ, ಬೆಳ್ಳಂದೂರಿನಲ್ಲಿ ಬೆಂಕಿಯೂ ಹೊತ್ತಿದೆ. ಆದರೆ ಒಂದೂ ಉಪ್ಪಿನ ಕೆರೆಯಾಗಿಲ್ಲ. ಅದಕ್ಕೆ ಕೋಡಿಗೆ ಕೈಮುಗಿಯಬೇಕು. ತುಂಬಿದ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತದೆ. ಊರಿರುವುದು ದಿಣ್ಣೆಯ ಮೇಲೆ. ಪೂರ್ವಕ್ಕೆ ಹರಿದದ್ದು ದಕ್ಷಿಣ ಪಿನಾಕಿನಿ ಸೇರುತ್ತದೆ, ಪಶ್ಚಿಮಕ್ಕೆ ಹರಿದದ್ದು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ. ಎರಡೂ ಕೊನೆಗೆ ಮುಟ್ಟುವುದು ಬಂಗಾಳ ಕೊಲ್ಲಿಯನ್ನೇ.

ರಾಜಸ್ಥಾನದ ಸಾಂಭರ್ ಸರೋವರಕ್ಕೆ ಈ ಭಾಗ್ಯವಿಲ್ಲ. ಜೈಪುರದ ನೈಋತ್ಯಕ್ಕೆ, ಅರಾವಳಿಯ ಮಗ್ಗುಲಿನ ತಗ್ಗಿನಲ್ಲಿರುವ ಇದು ಸಮುದ್ರದಿಂದ ನೂರಾರು ಕಿಲೋಮೀಟರ್ ದೂರ. ಮಳೆಗಾಲದಲ್ಲಿ ಮೆಂಧಾ, ರೂಪನಗಢದಂಥ ಹೊಳೆಗಳು ಬಂದು ಸೇರುತ್ತವೆ, ಹೊರಟು ಹೋಗುವ ಹೊಳೆ ಮಾತ್ರ ಒಂದೂ ಇಲ್ಲ. ಸಿಹಿನೀರಿನ ಹೊಳೆಯಲ್ಲೂ ಕಲ್ಲುಮಣ್ಣಿನಿಂದ ಕರಗಿದ ಲವಣ ಚೂರುಪಾರು ಇದ್ದೇ ಇರುತ್ತದೆ. ಬಿಸಿಲು ನೀರನ್ನಷ್ಟೇ ಒಯ್ಯುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಬೋರ್‌ವೆಲ್ ನೀರು ಬಿದ್ದು ಒಣಗಿದ ಕಡೆ ಬಿಳಿ ಕಲೆ ಉಳಿಯುವುದನ್ನು ಕಂಡವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು.

ಹಾಗಾದರೆ ಇಂಥ ಸರೋವರ ತುಂಬಿ ಉಕ್ಕುವುದಿಲ್ಲವೇಕೆ? ನೀರು ಹೆಚ್ಚಿದಂತೆ ಅದು ಅಗಲವಾಗುತ್ತದೆ. ಅಗಲವಾದಷ್ಟೂ ಆವಿ ಹೆಚ್ಚು. ಒಳಬಂದದ್ದೂ ಆವಿಯಾದದ್ದೂ ಸಮವಾದಲ್ಲಿ ಅದರ ದಡ ನಿಲ್ಲುತ್ತದೆ. ಹಾಗಾಗಿ ಉಪ್ಪಿನ ಸರೋವರಕ್ಕೆ ಖಾಯಂ ಗಡಿ ಎಂಬುದಿಲ್ಲ, ನಕ್ಷೆಯ ನೀಲಿ ಗೆರೆಯನ್ನು ನಾನಂತೂ ನಂಬುವುದಿಲ್ಲ. ಸಾಂಭರ್ ತುಂಬಿದಾಗ ಸುಮಾರು 230 ಚದರ ಕಿಲೋಮೀಟರ್. ಆಳವೋ ಹೆಚ್ಚೆಂದರೆ ಮೂರು ಮೀಟರ್. ಬೇಸಿಗೆಯಲ್ಲಿ ಬಹುಭಾಗ ಬರೀ ಬಿಳಿ ಬಯಲು. ಉಪ್ಪು ತೆಗೆಯುವವರಿಗೆ ಅದು ಸುಗ್ಗಿ. ರಾಜಹಂಸಗಳೂ ಇಲ್ಲಿಗೆ ಬರುತ್ತವೆ, 1990ರಿಂದ ಇದು ರಾಮ್‌ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ.

ಒಳಹರಿವನ್ನು ತಡೆದರೆ ಈ ಲೆಕ್ಕ ಎಷ್ಟು ಕೆಡುತ್ತದೆಂಬುದಕ್ಕೆ ಮಧ್ಯ ಏಷ್ಯಾದ ಅರಲ್ ಸಮುದ್ರ ಸಾಕ್ಷಿ. ಹೆಸರಿಗೆ ಸಮುದ್ರ, ನಿಜಕ್ಕೆ ಸರೋವರ. 1960ರಲ್ಲಿ ಅದರ ವಿಸ್ತಾರ ಸುಮಾರು 68,000 ಚದರ ಕಿಲೋಮೀಟರ್. ಅಮು ದರ್ಯಾ, ಸಿರ್ ದರ್ಯಾ ನದಿಗಳನ್ನು ಸೋವಿಯತ್ ಸರ್ಕಾರ ಹತ್ತಿ ಹೊಲಗಳಿಗೆ ತಿರುಗಿಸಿದ ಮೇಲೆ ನೀರು ಬತ್ತಿತು, ಲವಣ ಏರಿತು, ಮೀನುಗಾರಿಕೆ ಮುಗಿಯಿತು. 2005ರಲ್ಲಿ ಕಝಾಕಿಸ್ತಾನ ಉತ್ತರದ ತುಂಡಿಗೆ ಕೋಕ್ ಅರಲ್ ಅಣೆಕಟ್ಟು ಕಟ್ಟಿತು. ಸಿರ್ ದರ್ಯಾದ ನೀರು ಅಲ್ಲಿ ನಿಂತಿತು, ಹೆಚ್ಚಾದದ್ದು ತೂಬಿನಿಂದ ದಕ್ಷಿಣಕ್ಕೆ ಹರಿಯಿತು, ಜೊತೆಗೆ ಲವಣವೂ. ಉತ್ತರದಲ್ಲಿ ಸಿಹಿನೀರಿನ ಮೀನುಗಳು ಮರಳಿದವು. ದಕ್ಷಿಣದ ಉಪ್ಪುನೀರಿನಲ್ಲಿ ಮೀನಿಗೆ ಜಾಗವಿಲ್ಲ, ಬದುಕುಳಿದದ್ದು ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿ.